ಎಷ್ಟೊತ್ತಿಗೆ ಹೋಯ್ತು ಎಂದು ಕೇಳುವ ಅಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಮೂರನೇ ಮಹಡಿಯ ಆ ಪುಟ್ಟ ಕಚೇರಿಯಲ್ಲಿ ಒಂದು ದೀಪವನ್ನೂ ಹಾಕಿಲ್ಲ. ಗೋಡೆಯ ಕಪಾಟಿನ ಮುಂದೆ ಹೆಂಗಸೊಬ್ಬರು ಹಳೆಯ ದಿನಪತ್ರಿಕೆ ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಗೆರೆ ಹಾಕಿದ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ನು. ಕಪಾಟಿನೊಳಗಿನ ಕಪ್ಪು ಪೆಟ್ಟಿಗೆಯ ಮೇಲೆ ಐದು ಹಸಿರು ದೀಪಗಳು ಮಿಣುಕುತ್ತಿವೆ. ಆಕೆ ಅವನ್ನೇ ನೋಡುತ್ತಾರೆ. ಕೈಗಡಿಯಾರ ನೋಡುತ್ತಾರೆ. ಏನನ್ನೂ ಬರೆಯುವುದಿಲ್ಲ. ಮತ್ತೆ ದೀಪಗಳತ್ತ ತಿರುಗುತ್ತಾರೆ.

ಹೀಗೇ ಇಪ್ಪತ್ತು ನಿಮಿಷ ಕಳೆಯುತ್ತದೆ. ಒಲೆಯ ಮೇಲೆ ಹಾಲಿಟ್ಟು ಕಾಯುತ್ತಿದ್ದಾರೇನೋ ಅನ್ನಿಸಬೇಕು, ಹಾಗಿದೆ ಆ ಏಕಾಗ್ರತೆ. ಹಾಗೆಂದು ಹೇಳಿದರೆ ಅವರು ತಲೆ ಎತ್ತದೆಯೇ ಉತ್ತರ ಕೊಡುತ್ತಾರೆ. "ಹಾಲಾದ್ರೂ ಯಾವಾಗಲೋ ಒಂದ್ಸಲ ಉಕ್ಕುತ್ತೆ. ಇದು ನಾವು ನೋಡ್ತಾ ಕೂತಿರೋವರೆಗೂ ಬಹಳ ಮರ್ಯಾದಸ್ಥನ ಥರ ಇರುತ್ತೆ. ನಾವು ಆ ಕಡೆ ಎದ್ದು ಹೋಗ್ಬೇಕು, ಆಗ ಶುರು ಅದರ ಆಟ."

ಇವರ ವಯಸ್ಸು ಐವತ್ತೊಂದು. ಕೆಲಸ, ಸಣ್ಣಪುಟ್ಟ ಕಚೇರಿಗಳ ಇಂಟರ್‌ನೆಟ್ ರಿಪೇರಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಟ್ಯೂಷನ್ ಸೆಂಟರು, ಕಟ್ಟಡಗಳ ನಕ್ಷೆ ಬರೆಯುವವರ ಆಫೀಸು, ಲಾರಿ ಬುಕಿಂಗ್ ಕಚೇರಿ, ಕನ್ನಡಕದಂಗಡಿ ಹೀಗೆ ನಲವತ್ತಮೂರು ಕಡೆಯ ನೆಟ್ಟು ಇವರ ಸುಪರ್ದಿಯಲ್ಲಿದೆ. ಅದರಲ್ಲಿ ಹತ್ತೊಂಬತ್ತು ಕಡೆಯವರು ಬಾಗಿಲ ಬೀಗದಕೈಯನ್ನೂ ಕೊಟ್ಟಿದ್ದಾರೆ, ಯಾಕೆಂದರೆ ಇವರ ಅರ್ಧ ಕೆಲಸ ನಡೆಯುವುದು ಕಚೇರಿಯವರು ಇನ್ನೂ ಹಲ್ಲುಜ್ಜುತ್ತಿರುವ ಹೊತ್ತಿನಲ್ಲಿ. ಪೂರ್ತಿ ನಿಂತುಹೋದ ನೆಟ್ಟಿಗೆ ಇವರನ್ನು ಯಾರೂ ಕರೆಯುವುದಿಲ್ಲ. ಅದನ್ನು ಯಾರು ಬೇಕಾದರೂ ಸರಿಮಾಡುತ್ತಾರೆ. ಬಂದು ಹೋಗುವ, ಹೋಗಿ ಬರುವ, ರಿಪೇರಿಯವರು ಬಂದು ನಿಂತ ಕೂಡಲೇ ತನಗೇನೂ ಆಗಿಯೇ ಇಲ್ಲ ಎನ್ನುವಂತೆ ಓಡತೊಡಗುವ ನೆಟ್ಟು ಇದೆಯಲ್ಲ, ಅದರಿಂದ ತಲೆ ಕೆಟ್ಟವರು ಕೊನೆಗೆ ಇವರ ನಂಬರು ಹುಡುಕುತ್ತಾರೆ.

ಹೆಸರಿಟ್ಟು ಕರೆಯುವವರು ಕಡಿಮೆ. ಎಲ್ಲೇ ಹೋದರೂ ಇವರು ಮೊದಲು ಕೇಳುವುದು ಒಂದೇ ಪ್ರಶ್ನೆ, "ಎಷ್ಟೊತ್ತಿಗೆ ಹೋಯ್ತು?" "ಆಗಾಗ ಹೋಗುತ್ತೆ" ಎಂದರೆ ಒಪ್ಪುವುದಿಲ್ಲ. "ಬೆಳಿಗ್ಗೆ ಹೊತ್ತು" ಎಂದರೂ ಸಾಲದು. ಗಂಟೆ ಬೇಕು, ನಿಮಿಷ ಬೇಕು, ಆಗ ನೀವೇನು ಮಾಡುತ್ತಿದ್ದಿರಿ ಎನ್ನುವುದೂ ಬೇಕು. ಹಾಗಾಗಿ ಕೆಲವು ಕಚೇರಿಗಳ ಫೋನುಗಳಲ್ಲಿ ಇವರ ನಂಬರಿನ ಎದುರು 'ಎಷ್ಟೊತ್ತಿಗೆ ಅಕ್ಕ' ಎಂದೇ ಬರೆದಿದೆ. ಅಕ್ಕನಿಗೂ ಅದು ಗೊತ್ತು. ಬೇಜಾರಿಲ್ಲ.

ಈ ವಾರ ಅಕ್ಕ ಕೂತಿರುವ ಕಚೇರಿ ಉಳಿದವುಗಳಂತಲ್ಲ. ಇಲ್ಲಿ ಆರು ಜನ ಕೆಲಸ ಮಾಡುತ್ತಾರೆ. ಅವರಲ್ಲಿ ನಾಲ್ವರು ಸನ್ನೆ ಭಾಷೆಯ ಅನುವಾದಕರು. ಕಿವಿ ಕೇಳದ ಒಬ್ಬರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಫೋನಿನಲ್ಲಿ ಈ ಕಚೇರಿಗೆ ವಿಡಿಯೊ ಕರೆ ಮಾಡುತ್ತಾರೆ. ಅನುವಾದಕಿ ತೆರೆಯ ಮೇಲೆ ಅವರ ಸನ್ನೆ ನೋಡಿ ಎದುರಿಗಿರುವ ಡಾಕ್ಟರಿಗೆ ಬಾಯಲ್ಲಿ ಹೇಳುತ್ತಾರೆ, ಡಾಕ್ಟರು ಆಡಿದ ಮಾತನ್ನು ಸನ್ನೆಯಲ್ಲಿ ತಿರುಗಿ ಹೇಳುತ್ತಾರೆ. ದಿನಕ್ಕೆ ಐವತ್ತರಿಂದ ಅರವತ್ತು ಕರೆ. ನಂಬಿಕೊಂಡಿರುವುದು ಮುನ್ನೂರು ಚಿಲ್ಲರೆ ಕುಟುಂಬಗಳು.

ಮೂರು ವಾರದಿಂದ ಇಲ್ಲಿ ದಿನಕ್ಕೆರಡು ಸಲ, ಕೆಲವು ದಿನ ನಾಲ್ಕು ಸಲ, ನೆಟ್ ಹೋಗುತ್ತಿದೆ. ಎರಡು ನಿಮಿಷದ ಮೇಲೆ ತಾನೇ ಬರುತ್ತದೆ. ನೆಟ್ ಕೊಡುವ ಕಂಪನಿಯವರು ಎರಡು ಬಾರಿ ಬಂದು ನಮ್ಮ ಲೈನು ಕನ್ನಡಿಯ ಹಾಗಿದೆ ಎಂದು ಹೇಳಿ ಹೋದರು. ಇನ್ನೊಬ್ಬ ರಿಪೇರಿಯವರು ರೂಟರನ್ನೇ ಬದಲಾಯಿಸಿದರು. ಹೊರಗಿನ ನೆಟ್ಟನ್ನು ಒಳಗೆ ತಂದು ಎಲ್ಲ ಮೇಜಿಗೂ ಹಂಚುವ ಪೆಟ್ಟಿಗೆ ಅದು. ಹೊಸ ಪೆಟ್ಟಿಗೆ ಬಂದ ಮಾರನೇ ದಿನವೇ ನೆಟ್ ಮತ್ತೆ ಹೋಯಿತು.

ಎರಡು ನಿಮಿಷ ಹೋದರೆ ಏನು ಮಹಾ ಎಂದು ಬೇರೆ ಕಚೇರಿಯಲ್ಲಿ ಅನ್ನಬಹುದು. ಇಲ್ಲಿನ ಕಿರಿಯ ಅನುವಾದಕಿ ಆ ಮಾತಿಗೆ ಒಪ್ಪುವುದಿಲ್ಲ. ಹೋದ ವಾರ ಆಕೆ ಒಬ್ಬ ತಾಯಿಗೆ ಅನುವಾದ ಮಾಡುತ್ತಿದ್ದರು. ಮಗುವಿಗೆ ಜ್ವರ. ಯಾವ ಔಷಧಿ ಎಷ್ಟು ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂದು ಡಾಕ್ಟರು ಹೇಳುತ್ತಿದ್ದ ನಡುವೆ ನೆಟ್ ಹೋಯಿತು. ತಿರುಗಿ ಸಂಪರ್ಕ ಸಿಕ್ಕಿತು, ಎಲ್ಲವನ್ನೂ ಮೊದಲಿಂದ ಹೇಳಿಯೂ ಆಯಿತು. ಮಗು ಚೆನ್ನಾಗಿದೆ. ಆದರೆ ಆಕೆಗೆ ಅದು ಮನಸ್ಸಿನಿಂದ ಹೋಗಿಲ್ಲ. "ನೆಟ್ ಹೋದಾಗ ನಮ್ಮ ಚಿತ್ರ ಅಲ್ಲಿ ಹಾಗೇ ನಿಂತುಬಿಡುತ್ತೆ. ನನ್ನ ಕೈ ಅರ್ಧ ಎತ್ತಿದ ಹಾಗೆ ನಿಂತಿತ್ತಂತೆ. ಆ ಅಮ್ಮ ಎರಡು ನಿಮಿಷ ಆ ಕೈಯನ್ನೇ ನೋಡ್ತಾ ಕೂತಿದ್ರು, ಇನ್ನೇನು ಹೇಳ್ತಾರೆ ಅಂತ."

ಆಸ್ಪತ್ರೆಯಿಂದ ಪತ್ರವೂ ಬಂದಿದೆ. ಈ ತಿಂಗಳ ಕೊನೆಯೊಳಗೆ ಇದು ಸರಿಹೋಗದಿದ್ದರೆ ಬೇರೆ ವ್ಯವಸ್ಥೆ ನೋಡಿಕೊಳ್ಳುತ್ತೇವೆ ಎಂದು ಸಭ್ಯವಾಗಿಯೇ ಬರೆದಿದ್ದಾರೆ. ಬೇರೆ ವ್ಯವಸ್ಥೆ ಎಂದರೆ ಕಾಗದದಲ್ಲಿ ಬರೆದು ತೋರಿಸುವುದು. ಓದು ಬರಹ ಬಾರದವರಿಗೆ ಅದೂ ಇಲ್ಲ. ಕಚೇರಿ ಕಟ್ಟಿದ ಮುಖ್ಯಸ್ಥೆಗೆ ಆಸ್ಪತ್ರೆಯ ಕರೆಗಳು ನಿಂತರೆ ಕಚೇರಿಯೇ ನಿಂತಂತೆ. ತಿಂಗಳು ಮುಗಿಯಲು ಇನ್ನು ಎಂಟು ದಿನವಿದೆ ಎನ್ನುವಾಗ ಅವರು ಅಕ್ಕನಿಗೆ ಫೋನು ಮಾಡಿದರು.

ಸೋಮವಾರ ಬೆಳಿಗ್ಗೆ ಅಕ್ಕ ಮಾಡಿದ ಮೊದಲ ಕೆಲಸ, ಆಸ್ಪತ್ರೆಯ ಕರೆಗಳಿಗೆ ಮಾತ್ರ ಮೊಬೈಲ್ ನೆಟ್ಟಿನ ಒಂದು ಚಿಕ್ಕ ಡಬ್ಬಿ ಇಟ್ಟುಕೊಟ್ಟದ್ದು. ಚಿತ್ರ ಅಷ್ಟು ಸ್ಪಷ್ಟವಿರುವುದಿಲ್ಲ, ಬೆರಳುಗಳು ಮಸುಕಾಗುತ್ತವೆ. ಇದು ಗಾಯಕ್ಕೆ ಕಟ್ಟುವ ಬಟ್ಟೆ, ಮದ್ದಲ್ಲ ಎಂದು ಅವರೇ ಹೇಳಿದರು. ಆಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದಿಟ್ಟರು. ಒಂದು ಕಿಟಕಿ ಕಪಾಟಿನೊಳಗಿನ ರೂಟರನ್ನು ಸೆಕೆಂಡಿಗೊಮ್ಮೆ 'ಇದ್ದೀಯಾ' ಎಂದು ವಿಚಾರಿಸುತ್ತದೆ. ಇನ್ನೊಂದು ಊರಾಚೆ ಎಲ್ಲೋ ಇರುವ ಕಂಪ್ಯೂಟರೊಂದನ್ನು ಅದೇ ರೀತಿ ಮಾತಾಡಿಸುತ್ತದೆ. ನೆಟ್ ಹೋದಾಗ ದೂರದ್ದು ಮಾತ್ರ ಸುಮ್ಮನಾದರೆ ತಪ್ಪು ಹೊರಗಿನ ಲೈನಿನದು. ಎರಡೂ ಸುಮ್ಮನಾದರೆ ತಪ್ಪು ಕಚೇರಿಯೊಳಗಿನದು.

ಅಂದು ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ಎರಡೂ ಸುಮ್ಮನಾದವು. ಎರಡು ನಿಮಿಷ ಎಂಟು ಸೆಕೆಂಡ್ ಕಳೆದ ಮೇಲೆ ಎರಡೂ ಮಾತಾಡತೊಡಗಿದವು. ಊಟದ ಬಿಡುವಿನಲ್ಲಿ ಅಕ್ಕ ರೂಟರಿನ ಪ್ಲಗ್ಗನ್ನು ತಾವೇ ಕಿತ್ತು ಮತ್ತೆ ಹಾಕಿ ಗಡಿಯಾರ ಹಿಡಿದು ನಿಂತರು. ಪೆಟ್ಟಿಗೆ ಎದ್ದು ಕಣ್ಣುಜ್ಜಿಕೊಂಡು ಕೆಲಸಕ್ಕೆ ತೊಡಗಲು ತೆಗೆದುಕೊಂಡದ್ದು ಎರಡು ನಿಮಿಷ ಎಂಟು ಸೆಕೆಂಡ್.

"ಲೈನು ಹೋಗ್ತಿಲ್ಲ. ಪೆಟ್ಟಿಗೆ ಮಲಗಿ ಏಳ್ತಿದೆ," ಎಂದು ಅವರು ಮುಖ್ಯಸ್ಥೆಗೆ ಹೇಳಿದರು. ಯಾಕೆ ಮಲಗುತ್ತದೆ ಎನ್ನುವುದು ಇನ್ನೂ ತಿಳಿಯಬೇಕಿತ್ತು. ಮೀಟರು ಹಚ್ಚಿ ನೋಡಿದರೆ ಪೆಟ್ಟಿಗೆಗೆ ಬರುವ ಕರೆಂಟು ಸರಿಯಾಗೇ ಇತ್ತು.

ಈ ಸಮಯ ಕೇಳುವ ಚಟ ಅಕ್ಕನಿಗೆ ಅಂಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಇಪ್ಪತ್ತೈದನೇ ವಯಸ್ಸಿನಿಂದ ಹನ್ನೊಂದು ವರ್ಷ ಅವರು ಅಲ್ಲಿ ದೂರು ಬರೆದುಕೊಳ್ಳುವ ಮೇಜಿನಲ್ಲಿ ಕೂತಿದ್ದರು. ಖರಖರ ಅನ್ನುತ್ತೆ, ಕೊಯ್ಯ್ ಅನ್ನುತ್ತೆ, ಯಾರದ್ದೋ ಮಾತು ಕೇಳುತ್ತೆ ಎಂದು ದಿನವಿಡೀ ಜನ ಬಯ್ಯುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟರ ಮನೆಯ ಫೋನು ಪ್ರತಿ ಸಂಜೆ ಕೆಡುತ್ತಿತ್ತು, ಬೆಳಿಗ್ಗೆ ಲೈನ್‌ಮನ್ ಹೋದರೆ ಸರಿಯಿರುತ್ತಿತ್ತು. ಅಕ್ಕ ಒಂದು ವಾರದ ದೂರುಗಳ ಸಮಯವನ್ನು ಸಾಲಾಗಿ ಬರೆದು ನೋಡಿದರು. ಬೀದಿದೀಪ ಹಾಕುವ ಹೊತ್ತಿಗೂ ಫೋನು ಕೆಡುವ ಹೊತ್ತಿಗೂ ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಕಂಬದ ಮೇಲೆ ಬೀದಿದೀಪದ ತಂತಿ ಫೋನಿನ ತಂತಿಗೆ ತಾಗುತ್ತಿತ್ತು. "ಕಂಬ ಹತ್ತದೇ, ಕುರ್ಚಿ ಬಿಟ್ಟು ಏಳದೇ ಹಿಡಿದೆ ಅದನ್ನ," ಎನ್ನುವಾಗ ಈಗಲೂ ಅವರ ಮುಖದಲ್ಲಿ ಸಣ್ಣ ಬೆಳಕು ಮೂಡುತ್ತದೆ.

ಮೊಬೈಲು ಬಂತು, ಎಕ್ಸ್‌ಚೇಂಜು ಮುಚ್ಚಿತು. ಆಗ ಮೂವತ್ತಾರು ವಯಸ್ಸು, ಮಗಳು ಪ್ರೈಮರಿ ಶಾಲೆಯಲ್ಲಿ, ಗಂಡ ಶಾಲಾ ವ್ಯಾನಿನ ಡ್ರೈವರು. ಮೈದುನ ಹೊಸ ಕಟ್ಟಡಗಳಿಗೆ ಕಂಪ್ಯೂಟರ್ ವೈರು ಎಳೆಯುವ ಕೆಲಸ ಮಾಡುತ್ತಿದ್ದ. ಅತ್ತಿಗೆ, ಸುಮ್ಮನೆ ಮನೇಲಿ ಕೂರೋ ಬದಲು ಬಂದು ವೈರಿನ ಸುರುಳಿ ಹಿಡಿದುಕೊಳ್ಳಿ ಎಂದು ಕರೆದುಕೊಂಡು ಹೋದ. ಸುರುಳಿ ಹಿಡಿಯಲು ಹೋದವರು ಆರು ತಿಂಗಳಲ್ಲಿ ಇಕ್ಕಳ ಹಿಡಿದರು. ಲ್ಯಾಪ್‌ಟಾಪಿನ ಪಾಠ ಆಮೇಲೆ, ಹೈಸ್ಕೂಲು ಸೇರಿದ ಮಗಳ ಪಕ್ಕ ಕೂತು ಕಲಿತದ್ದು.

ಮೊದಮೊದಲು ಕಷ್ಟವಿದ್ದದ್ದು ಕೆಲಸದಲ್ಲಲ್ಲ, ಬಾಗಿಲಲ್ಲಿ. ಬಾಗಿಲು ತೆಗೆದವರು ಇವರ ಭುಜದಾಚೆ ಇಣುಕಿ ರಿಪೇರಿಯವರು ಎಲ್ಲಿ ಎಂದು ಕೇಳುತ್ತಿದ್ದರು. ಇವರು ಒಳಗೆ ಹೋಗಿ ಏಣಿ ಬಿಚ್ಚುವವರೆಗೂ ಕೆಲವರು ಹೊರಗೆ ನೋಡುತ್ತಲೇ ನಿಂತಿರುತ್ತಿದ್ದರು. ಅದನ್ನು ಹೇಳುವಾಗ ಅಕ್ಕನಿಗೆ ಸಿಟ್ಟಿಲ್ಲ, ನಗು ಬರುತ್ತದೆ. ನಗು ಬರದ ಸಂಗತಿ ಬೇರೆ ಇದೆ.

ಒಂಬತ್ತು ವರ್ಷದ ಹಿಂದೆ ನಕ್ಷೆ ಬರೆಯುವವರ ಆಫೀಸಿನಲ್ಲಿ ಇದೇ ಥರ ನೆಟ್ ಬಂದು ಹೋಗುತ್ತಿತ್ತು. ಅವಸರದಲ್ಲಿದ್ದ ಅಕ್ಕ ಯಾರನ್ನೂ ಏನೂ ಕೇಳಲಿಲ್ಲ. ಹಳೆಯ ವೈರಿನದೇ ದೋಷ ಎಂದು ತೀರ್ಮಾನಿಸಿ ಎರಡು ದಿನ ಛಾವಣಿ ಬಿಚ್ಚಿಸಿ ನೂರಾರು ಅಡಿ ಹೊಸ ವೈರು ಎಳೆದರು. ಮೂರನೇ ದಿನ ನಾಲ್ಕು ಗಂಟೆಗೆ ಸರಿಯಾಗಿ ನೆಟ್ ಹೋಯಿತು. ಕೊನೆಗೆ ಸಿಕ್ಕಿದ್ದೇನು? ಇಡೀ ಆಫೀಸಿಗೆ ನೆಟ್ ತರುವ ವೈರಿನ ಒಂದು ಗೇಣು ಒಬ್ಬ ಹಿರಿಯರ ಕುರ್ಚಿಯ ಕೆಳಗೆ ಹಾದುಹೋಗುತ್ತಿತ್ತು. ಅವರು ನಾಲ್ಕು ಗಂಟೆಗೆ ಕಾಫಿ ಕುಡಿದು ಹಿಂದಕ್ಕೆ ಒರಗಿದರೆ ಕುರ್ಚಿಯ ಚಕ್ರ ವೈರನ್ನು ಒತ್ತುತ್ತಿತ್ತು. "ಎಷ್ಟೊತ್ತಿಗೆ ಅಂತ ಒಂದು ಮಾತು ಕೇಳಿದ್ದಿದ್ರೆ ಅರ್ಧ ದಿನದ ಕೆಲಸ. ಗೊತ್ತಿದ್ದೂ ಆತುರಪಟ್ಟೆ. ಎಲ್ಲರ ಎದುರು ನಿಂತು ತಪ್ಪಾಯ್ತು ಅಂದೆ. ಅವತ್ತಿಂದ ಬರೆದುಕೊಳ್ಳದೇ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ." ಅಂಥ ನೋಟ್‌ಬುಕ್ಕುಗಳು ಮನೆಯಲ್ಲಿ ಹದಿನಾಲ್ಕು ಸೇರಿವೆ.

ಮನೆಯ ಮಾತು ಬಂದರೆ ಅತ್ತೆಯ ಸುದ್ದಿ ಹೇಳದೆ ಮುಂದೆ ಹೋಗುವಂತಿಲ್ಲ. ಐದು ವರ್ಷದ ಹಿಂದೆ ಅಕ್ಕ ಏಣಿಯಿಂದ ಬಿದ್ದು ಭುಜದ ಎಲುಬು ಮುರಿದುಕೊಂಡರು. ಆರು ವಾರ ಹಾಸಿಗೆ. ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಎಪ್ಪತ್ತನಾಲ್ಕರ ಅತ್ತೆ ಅದನ್ನು ಎತ್ತತೊಡಗಿದರು. ಸೊಸೆ ಎರಡು ಪ್ರಶ್ನೆ ಹೇಳಿಕೊಟ್ಟರು. ಒಂದು, ಎಷ್ಟೊತ್ತಿಗೆ ಹೋಯ್ತು. ಎರಡು, ಆಫ್ ಮಾಡಿ ಆನ್ ಮಾಡಿದ್ರಾ. ಸೊಸೆಯ ಎಲುಬು ಕೂಡಿದರೂ ಅತ್ತೆ ಫೋನು ಬಿಟ್ಟುಕೊಡಲಿಲ್ಲ. ಈಗ ದಿನಕ್ಕೆ ಹದಿನೈದು ಇಪ್ಪತ್ತು ಕರೆ ಬರುತ್ತವೆ, ಅದರಲ್ಲಿ ಅರ್ಧವನ್ನು ಎರಡನೇ ಪ್ರಶ್ನೆಯಲ್ಲೇ ಅತ್ತೆ ಮುಗಿಸುತ್ತಾರೆ. ಹಲೋ ಎನ್ನುವ ಅಭ್ಯಾಸ ಅವರಿಗಿಲ್ಲ. ಒಮ್ಮೆ ನೆಂಟರೊಬ್ಬರು ಫೋನು ಮಾಡಿ "ದೊಡ್ಡಪ್ಪ ಹೋಗಿಬಿಟ್ರು" ಎಂದಾಗಲೂ ಅತ್ತೆ "ಎಷ್ಟೊತ್ತಿಗೆ?" ಎಂದು ಕೇಳಿ ಪೆನ್ನು ತೆಗೆದರಂತೆ. ಪುಣ್ಯಕ್ಕೆ ಎರಡನೇ ಪ್ರಶ್ನೆ ಕೇಳುವ ಮೊದಲು ದನಿಯ ಗುರುತು ಹತ್ತಿತು.

ಮಂಗಳವಾರ ಕಚೇರಿಯಲ್ಲಿ ನೆಟ್ ಮೂರು ಸಲ ಹೋಯಿತು. ಮುಖ್ಯಸ್ಥೆಗೆ ತಾಳ್ಮೆ ಮುಗಿಯುತ್ತಾ ಬಂದಿತ್ತು. ಪೆಟ್ಟಿಗೆ, ವೈರು, ಪ್ಲಗ್ಗು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ, ತಲೆನೋವು ಹೋಗಲಿ ಎಂದರು. ಅಕ್ಕ ಒಪ್ಪಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರಲ್ಲಿತ್ತು ಎನ್ನುವುದು ಗೊತ್ತಾಗುವುದಿಲ್ಲ, ಗೊತ್ತಾಗದ ತಪ್ಪು ತಿರುಗಿ ಬರುತ್ತದೆ ಎಂದು ವಾದಿಸಿದರು. ಮಾತು ಸ್ವಲ್ಪ ಬಿಸಿಯಾಯಿತು. ಎರಡು ದಿನ ಕೂತು ಬರೆದುಕೊಂಡು ಏನು ಸಿಕ್ಕಿತು ಎಂದು ಮುಖ್ಯಸ್ಥೆ ಕೇಳಿಯೂಬಿಟ್ಟರು. ಶುಕ್ರವಾರದವರೆಗೆ ಸಮಯ ಕೊಡಿ, ಆಗಲೂ ಸಿಗದಿದ್ದರೆ ನಿಮ್ಮ ಮಾತಿನಂತೆ ಎಲ್ಲ ಹೊಸದು ಹಾಕಿ ಹೋಗುತ್ತೇನೆ ಎಂದು ಅಕ್ಕ ಮಾತು ಕೊಟ್ಟರು. ಆ ದಿನ ಮನೆಗೆ ಹೋದಾಗ ಊಟ ಸೇರಲಿಲ್ಲವಂತೆ. ತಾನು ಹಟ ಹಿಡಿದು ಕೂತ ಹೊತ್ತಿನಲ್ಲಿ ಬ್ಯಾಂಕಿನಲ್ಲೋ ಇನ್ನೆಲ್ಲೋ ಇನ್ನೊಬ್ಬ ತಾಯಿ ನಿಂತುಹೋದ ಕೈ ನೋಡುತ್ತಾ ಕೂತರೆ ಆ ಪಾಪ ಯಾರದ್ದು ಎಂಬ ಯೋಚನೆ.

ಬುಧವಾರ ಸಂಜೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಒಂಬತ್ತು ಸಮಯಗಳಿದ್ದವು. ಒಂಬತ್ತರಲ್ಲಿ ಒಂಬತ್ತೂ ಸಲ ಪಕ್ಕದ ಕೋಣೆಯ ದೊಡ್ಡ ಪ್ರಿಂಟರು ಓಡುತ್ತಿತ್ತು. ಇದೇ ಕಳ್ಳ ಎಂದು ಅಕ್ಕ ಒಂದು ಕ್ಷಣ ಹಿಗ್ಗಿದರು. ಆದರೆ ಆ ಪ್ರಿಂಟರು ದಿನಕ್ಕೆ ನಲವತ್ತು ಸಲ ಓಡುತ್ತದೆ. ಉಳಿದ ಮೂವತ್ತೇಳು ಮೂವತ್ತೆಂಟು ಸಲ ನೆಟ್ಟಿಗೆ ಏನೂ ಆಗುವುದಿಲ್ಲ. ಅಕ್ಕ ತಾವೇ ಇಪ್ಪತ್ತು ಸಲ ಪ್ರಿಂಟು ಕೊಟ್ಟು ನೋಡಿದರು. ಹಸಿರು ದೀಪಗಳು ಅಲ್ಲಾಡಲಿಲ್ಲ. ಪ್ರಿಂಟರಿನ ಜೊತೆ ಇನ್ನೇನೋ ಸೇರಬೇಕು. ಅದೇನು ಎನ್ನುವುದು ಯಾರ ಉತ್ತರದಲ್ಲೂ ಇಲ್ಲ.

ಗುರುವಾರ ಮಧ್ಯಾಹ್ನ ಅಕ್ಕ ಪುಟ ತಿರುವಿ, ಯಾರು ಯಾರನ್ನು ಕೇಳಿದ್ದಾಯಿತು ಎಂದು ಬೆರಳು ಮಡಚುತ್ತಾ ಹೋದರು. ಮುಖ್ಯಸ್ಥೆ, ನಾಲ್ವರು ಅನುವಾದಕರು. ಐದು ಬೆರಳಿಗೆ ಎಣಿಕೆ ಮುಗಿಯಿತು. ಕಚೇರಿಯಲ್ಲಿರುವುದು ಆರು ಜನ.

ಆರನೆಯವರು ಮೂಲೆಯ ಮೇಜಿನ ಮೇಷ್ಟ್ರು. ನಲವತ್ತೈದರ ಆಸುಪಾಸು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇಲ್ಲಿನ ಅನುವಾದಕರಿಗೆಲ್ಲ ಸನ್ನೆ ಭಾಷೆ ತಿದ್ದಿದವರು ಅವರೇ. ಈಗ ಪಾಠದ ವಿಡಿಯೊಗಳನ್ನು ತಯಾರಿಸುತ್ತಾರೆ, ಆ ಕೆಲಸಕ್ಕೆ ನೆಟ್ ಬೇಕಿಲ್ಲ. ಹಾಗಾಗಿ ನೆಟ್ಟಿನ ವಿಚಾರದಲ್ಲಿ ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಕ್ಕನಿಗೂ ಹೊಳೆದಿರಲಿಲ್ಲ. ಅಕ್ಕನಿಗೆ ಸನ್ನೆ ಬಾರದು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಬರೆದರು: ನೆಟ್ ಹೋಗುವ ಹೊತ್ತಿಗೆ ನಿಮಗೆ ಏನಾದರೂ ಕಾಣಿಸಿದೆಯಾ?

ಮೇಷ್ಟ್ರು ಅದನ್ನು ಓದಿದರು. ಅಕ್ಕನ ಮುಖ ನೋಡಿದರು. ಪೆನ್ನು ತೆಗೆದುಕೊಂಡು ಅದರ ಕೆಳಗೆ ಬರೆದರು: ಆಗ ಬಾಗಿಲ ದೀಪ ಹಳದಿ. ಬೇರೆ ಹೊತ್ತಿನಲ್ಲಿ ಬಿಳಿ.

ಈ ಕಚೇರಿಗೆ ಕರೆಗಂಟೆ ಇಲ್ಲ. ಹೊರಗೆ ಗುಂಡಿ ಒತ್ತಿದರೆ ಮೇಷ್ಟರ ಮೇಜಿನ ಎದುರಿನ ಗೋಡೆಯ ಮೇಲೆ ಹಳೆಯ ಕಾಲದ ದೊಡ್ಡ ಬಲ್ಬೊಂದು ಹೊತ್ತಿ ಆರುತ್ತದೆ. ಯಾರೋ ಬಂದಿದ್ದಾರೆ ಎಂದು ಅವರು ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ. ಉಳಿದವರು ತೆರೆಗೆ ಕಣ್ಣು ನೆಟ್ಟು ಕೂತಿರುವುದರಿಂದ ಆ ಬಲ್ಬನ್ನು ನೋಡುವುದೇ ಇಲ್ಲ. ಅದು ಮೇಷ್ಟರ ದೀಪ, ಮೇಷ್ಟರ ಕೆಲಸ.

ಇದನ್ನು ಯಾರಿಗಾದರೂ ಹೇಳಿದ್ದೀರಾ ಎಂದು ಅಕ್ಕ ಬರೆದರು. ಮೇಷ್ಟರ ಉತ್ತರ ಎರಡು ಸಾಲಿನದು: ಯಾರೂ ಕೇಳಲಿಲ್ಲ. ನೆಟ್ ಅವರದು, ದೀಪ ನನ್ನದು ಅಂದುಕೊಂಡಿದ್ದೆ.

ಅಕ್ಕ ನೋಟ್‌ಬುಕ್ಕು ಮುಚ್ಚಿ ಬಲ್ಬಿನ ವೈರನ್ನು ಕೈಯಲ್ಲಿ ಸವರುತ್ತಾ ಹೊರಟರು. ಗೋಡೆಯಗುಂಟ ಇಳಿದು, ಮೇಜಿನ ಹಿಂದೆ ತೂರಿ, ಅದು ಕಪಾಟಿನ ಕೆಳಗಿದ್ದ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಹೋಗಿ ಸೇರಿತ್ತು. ಅದೇ ಬೋರ್ಡಿನಲ್ಲಿ, ಪಕ್ಕದ ಕೋಣೆಯಿಂದ ಗೋಡೆ ತೂರಿ ಬಂದ ಪ್ರಿಂಟರಿನ ಪ್ಲಗ್ಗು. ಅದೇ ಬೋರ್ಡಿನಲ್ಲಿ ರೂಟರಿನ ಪ್ಲಗ್ಗು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಮೂವರು ಕಚೇರಿಯಲ್ಲಿ ಸೇರಿದರು. ಮುಖ್ಯಸ್ಥೆ ಪ್ರಿಂಟರಿನ ಹತ್ತಿರ, ಮೇಷ್ಟ್ರು ಬಾಗಿಲ ಹೊರಗೆ ಗುಂಡಿಯ ಹತ್ತಿರ, ಅಕ್ಕ ಕಪಾಟಿನ ಮುಂದೆ ನೆಲದ ಮೇಲೆ. ಮೊದಲು ಪ್ರಿಂಟರು ಒಂದೇ. ಏನೂ ಆಗಲಿಲ್ಲ. ಆಮೇಲೆ ಬಾಗಿಲ ಗುಂಡಿ ಒಂದೇ. ಬಲ್ಬು ಬೆಳ್ಳಗೆ ಹೊತ್ತಿತು, ಏನೂ ಆಗಲಿಲ್ಲ. ಮೂರನೆಯದಾಗಿ ಪ್ರಿಂಟರು ಬಿಸಿಯಾಗಿ ಗುರುಗುಡುತ್ತಿರುವಾಗಲೇ, ಅಕ್ಕ ಕೈ ಬೀಸಿದ್ದನ್ನು ನೋಡಿ ಮೇಷ್ಟ್ರು ಗುಂಡಿ ಒತ್ತಿದರು. ಬಲ್ಬು ಹಳದಿಯಾಗಿ ಮಂಕಾಯಿತು. ಕಪಾಟಿನೊಳಗಿನ ಐದು ಹಸಿರು ದೀಪಗಳು ಒಟ್ಟಿಗೆ ಆರಿದವು.

ಮುಖ್ಯಸ್ಥೆ ಪಕ್ಕದ ಕೋಣೆಯಿಂದ ಓಡಿ ಬಂದು ಆರಿದ ದೀಪಗಳನ್ನು ನೋಡಿದರು. ಅಕ್ಕ ಮಾತ್ರ ಗಡಿಯಾರ ನೋಡಿ ಬರೆದುಕೊಂಡರು. ಆರು ಗಂಟೆ ಹನ್ನೆರಡು ನಿಮಿಷ. ಇನ್ನೂ ಮೂರು ಸಲ ಮಾಡಿಸಿದರು. ಮೂರು ಸಲವೂ ಪೆಟ್ಟಿಗೆ ಮಲಗಿ ಎದ್ದಿತು.

ಬೋರ್ಡನ್ನು ಬಿಚ್ಚಿದರೆ ಒಳಗೊಂದು ಪಿನ್ನಿನ ಬುಡ ಸಡಿಲವಾಗಿ, ಬಿಸಿಯೇರಿ, ಸುತ್ತಲಿನ ಪ್ಲಾಸ್ಟಿಕ್ಕು ಇದ್ದಿಲಿನಂತೆ ಕಪ್ಪಾಗಿತ್ತು. ಪ್ರಿಂಟರಾಗಲೀ ಬಲ್ಬಾಗಲೀ ಒಂದೊಂದೇ ಆದರೆ ಅದು ಹೇಗೋ ತಡೆದುಕೊಳ್ಳುತ್ತಿತ್ತು. ಎರಡೂ ಒಟ್ಟಿಗೆ ಎಳೆದಾಗ ಕರೆಂಟು ಕುಸಿಯುತ್ತಿತ್ತು. ಆದರೂ ಹೊಸ ರೂಟರಿಗೆ ಅಷ್ಟು ಸಣ್ಣ ಕುಸಿತ ಸಹಿಸುವ ತ್ರಾಣವಿರಬೇಕಿತ್ತಲ್ಲ ಎಂದು ಅಕ್ಕನಿಗೆ ಅನುಮಾನ. ಅದಕ್ಕೂ ಉತ್ತರ ಕಪಾಟಿನ ಮೇಲಿನ ಹಲಗೆಯಲ್ಲೇ ಸಿಕ್ಕಿತು. ಹೊಸ ರೂಟರಿನ ಡಬ್ಬಿಯೊಳಗೆ ಅದರ ಜೊತೆ ಬಂದ ಹೊಸ ಅಡಾಪ್ಟರು, ಅಂದರೆ ಕರೆಂಟನ್ನು ತಗ್ಗಿಸಿ ಕೊಡುವ ಗಿಡ್ಡ ಡಬ್ಬಿ, ಪ್ಲಾಸ್ಟಿಕ್ ಚೀಲದಿಂದಲೂ ಆಚೆ ಬರದೆ ಮಲಗಿತ್ತು. ಅದರ ವೈರು ಒಂದು ಅಡಿ ಗಿಡ್ಡ, ಬೋರ್ಡಿಗೆ ಎಟುಕುತ್ತಿರಲಿಲ್ಲ. ಹಿಂದೆ ಬಂದಿದ್ದ ರಿಪೇರಿಯವರು ಪೆಟ್ಟಿಗೆ ಮಾತ್ರ ಹೊಸದು ಇಟ್ಟು, ತ್ರಾಣ ಕಳೆದುಕೊಂಡಿದ್ದ ಎಂಟು ವರ್ಷದ ಹಳೆಯ ಅಡಾಪ್ಟರನ್ನೇ ಸಿಕ್ಕಿಸಿ ಹೋಗಿದ್ದರು.

"ಅವರನ್ನ ಬಯ್ಯಬೇಡಿ. ಕತ್ತಲೆ ಕಪಾಟು, ಹೊತ್ತಾಗಿರುತ್ತೆ, ಇನ್ನೊಂದು ಕಡೆಯಿಂದ ಫೋನ್ ಬರ್ತಿರುತ್ತೆ. ಎಟುಕಿದ್ದು ಹಾಕಿದ್ದಾರೆ. ನಾನೂ ಹಾಕಿದ್ದೀನಿ ಹಾಗೆ," ಎಂದರು ಅಕ್ಕ.

ಆ ಬೆಳಿಗ್ಗೆ ಎಂಟೂವರೆಯೊಳಗೆ ಕೆಲಸ ಮುಗಿಯಿತು. ಸುಟ್ಟ ಬೋರ್ಡು ಕಸಕ್ಕೆ ಹೋಯಿತು. ರೂಟರಿಗೆ ಹೊಸ ಅಡಾಪ್ಟರು, ಅದಕ್ಕೇ ಬೇರೆ ಗೋಡೆಯ ಪ್ಲಗ್ಗು. ಪ್ರಿಂಟರಿಗೆ ಅದರದೇ ಪ್ಲಗ್ಗು. ಹಳೆಯ ಬಲ್ಬಿನ ಜಾಗಕ್ಕೆ ಕಡಿಮೆ ಕರೆಂಟಿನ ಹೊಸ ದೀಪ. ಅದರ ಬಣ್ಣ ಯಾವುದಿರಬೇಕೆಂದು ಅಕ್ಕ ಬರೆದು ಕೇಳಿದ್ದು ಮೇಷ್ಟರನ್ನು. ಅವರು ನೀಲಿ ಎಂದು ಬರೆದರು. ಪ್ರಿಂಟರು ಓಡಿಸುತ್ತಾ ನಲವತ್ತು ಸಲ ಗುಂಡಿ ಒತ್ತಿ ನೋಡಿದ್ದಾಯಿತು. ಹಸಿರು ದೀಪಗಳು ಮಿಸುಕಲಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಬಂದ ಕಿರಿಯ ಅನುವಾದಕಿ, ಮೇಷ್ಟ್ರು ಬಾಗಿಲಲ್ಲಿ ನಿಂತು ಗುಂಡಿ ಒತ್ತುತ್ತಲೇ ಇರುವುದನ್ನು ಕಂಡು ಗಾಬರಿಯಾದರಂತೆ. ಮೇಷ್ಟ್ರು ಆಕೆಗೆ ಸನ್ನೆಯಲ್ಲಿ ಇಡೀ ಕತೆ ಹೇಳಿದರು. ಕೊನೆಯಲ್ಲಿ ಅವರು ಏನೋ ಸೇರಿಸಿದರು, ಆಕೆ ತಲೆ ತಗ್ಗಿಸಿದರು. ಏನು ಹೇಳಿದರು ಎಂದು ಅಕ್ಕ ಕೇಳಲಿಲ್ಲ.

ಮುಖ್ಯಸ್ಥೆ ಮಂಗಳವಾರದ ಮಾತಿಗೆ ಕ್ಷಮೆ ಕೇಳಿದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ ಹೇಳಿದರು: "ಊರವರ ಮಾತನ್ನ ಕಿವಿ ಕೇಳದವರಿಗೆ, ಅವರ ಮಾತನ್ನ ಊರವರಿಗೆ ಮುಟ್ಟಿಸೋದೇ ನಮ್ಮ ಕೆಲಸ. ನಮ್ಮ ಜೊತೇಲೇ ಕೂತಿರೋರನ್ನ ಮೂರು ವಾರದಿಂದ ಒಂದು ಮಾತು ಕೇಳಿಲ್ಲ."

 ತಾವೂ ನಾಲ್ಕು ದಿನ ಕೇಳಿರಲಿಲ್ಲ ಎನ್ನುವುದು ಅಕ್ಕನ ಮನಸ್ಸಿನಲ್ಲಿತ್ತು. ಈಗ ಹೊಸ ಕಚೇರಿಗೆ ಹೋದರೆ ಮೊದಲು ಅಲ್ಲಿ ಎಷ್ಟು ಜನ ಎಂದು ನೋಟ್‌ಬುಕ್ಕಿನ ತಲೆಯಲ್ಲಿ ಬರೆದುಕೊಳ್ಳುತ್ತಾರೆ. ಕಸ ಗುಡಿಸುವವರು, ನೀರಿನ ಕ್ಯಾನು ಇಳಿಸುವವರು, ಗೇಟಿನಲ್ಲಿ ಕೂರುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಇದಾಗಿ ಐದು ವಾರ ಕಳೆದಿದೆ. ಸನ್ನೆ ಭಾಷೆಯ ಕಚೇರಿಯಲ್ಲಿ ನೆಟ್ ಒಮ್ಮೆಯೂ ಹೋಗಿಲ್ಲ. ಆಸ್ಪತ್ರೆಯವರು ಇನ್ನೊಂದು ವರ್ಷಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಅಕ್ಕನಿಗೆ ಈ ಸುದ್ದಿ ಗೊತ್ತಾದದ್ದು ತಡವಾಗಿ, ಅದೂ ಅತ್ತೆಯ ಮೂಲಕ. ಯಾರೋ ಫೋನು ಮಾಡಿ ಏನೂ ಕೆಟ್ಟಿಲ್ಲ, ಸುಮ್ಮನೆ ಹೇಳೋಣ ಅಂತ ಮಾಡಿದೆವು ಎಂದರಂತೆ. ಕೆಟ್ಟಿಲ್ಲದಿದ್ದರೆ ಫೋನು ಯಾಕೆ ಮಾಡಿದರು ಎಂದು ಅತ್ತೆಗೆ ಅವತ್ತಿಡೀ ಬಗೆಹರಿಯಲಿಲ್ಲ.

ಇವತ್ತು ಬೆಳಗಿನ ಆರೂಕಾಲು. ಅಕ್ಕ ಒಂದು ಟ್ಯೂಷನ್ ಸೆಂಟರಿನಲ್ಲಿದ್ದಾರೆ. ಇಲ್ಲಿನವರು ನೆಟ್ಟಿನ ಪೆಟ್ಟಿಗೆಯನ್ನು ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ, ಹಳೆಯ ಫ್ಯಾನುಗಳ ಹಿಂದೆ ಇಟ್ಟಿದ್ದಾರೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಕುತ್ತಿಗೆಯನ್ನು ಒಂದು ಬದಿಗೆ ವಾಲಿಸಿ, ಪ್ರತಿ ವೈರಿನ ಎರಡೂ ತುದಿಗೆ ಕಾಗದದ ಚೀಟಿ ಅಂಟಿಸುತ್ತಿದ್ದಾರೆ. ಯಾವುದು ಎಲ್ಲಿಂದ ಎಲ್ಲಿಗೆ ಎಂದು ದುಂಡನೆಯ ಅಕ್ಷರಗಳಲ್ಲಿ ಬರೆದಿದ್ದಾರೆ. ತಾವು ಬಾರದ ದಿನ ಬೇರೆ ಯಾರಾದರೂ ಬಂದರೆ ಅವರು ಪರದಾಡಬಾರದಂತೆ.

ಕೆಳಗಿಳಿದು ಮಂಡಿ ನೀವಿಕೊಳ್ಳುತ್ತಾ ನಿಂತವರನ್ನು, ಇಷ್ಟು ವರ್ಷದ ಮೇಲೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಹೆಚ್ಚು ಯೋಚಿಸುವುದಿಲ್ಲ.

"ಒಂದೇ ಒಂದಿದೆ. ಈ ಪೆಟ್ಟಿಗೆನ ಕೆಲವರು ಅಟ್ಟದ ಮೇಲಿಡ್ತಾರೆ, ಕೆಲವರು ಮೇಜಿನ ಅಡಿಗೆ ತಳ್ತಾರೆ, ಒಬ್ಬರು ಚಪ್ಪಲಿ ಗೂಡಲ್ಲಿ ಇಟ್ಟಿದ್ರು. ಕಣ್ಣಿಗೆ ಕಾಣಬಾರದು ಅಂತ. ಯಾರಾದರೂ ಒಬ್ಬರು ಅದನ್ನ ಎದೆಮಟ್ಟಕ್ಕೆ, ನಿಂತ್ಕೊಂಡು ನೋಡೋ ಹಾಗೆ ಇಡಲಿ. ಹಾಗಿಟ್ರೆ ಇನ್ನೂ ಹತ್ತು ವರ್ಷ ಕೆಲಸ ಮಾಡ್ತೀನಿ ನಾನು."